ವಾಟ್ಸಾಪ್ ವಾರಂಟಿಗೆ ನಡುಕ, ಅಂಚೆ ಲಕೋಟೆಗೆ ತಾತ್ಸಾರ

ಸಾಲ ವಸೂಲಿಯವರ ಕಾಟ ತಾಳಲಾರದೆ ವಕೀಲರ ಕಚೇರಿಗೆ ಬರುವವರು ಮೊದಲು ಮುಂದೆ ಹಿಡಿಯುವುದು ಮೊಬೈಲನ್ನು. ಪರದೆಯ ಮೇಲೆ ತಕ್ಕಡಿಯ ಚಿತ್ರ, ಕೆಂಪಕ್ಷರದಲ್ಲಿ ‘ಅರೆಸ್ಟ್ ವಾರಂಟ್’, ಕೆಳಗೆ ‘ಸಂಜೆ 5ರೊಳಗೆ ಕಟ್ಟಿ’. ಇದಕ್ಕೆ ಹೆದರಿ ಒಡವೆ ಅಡವಿಟ್ಟವರಿದ್ದಾರೆ. ಅದೇ ಜನ, ಪೋಸ್ಟ್‌ಮ್ಯಾನ್ ವಕೀಲರ ನೋಟಿಸ್ ತಂದರೆ ‘ಮನೇಲಿಲ್ಲ ಅಂತ ಬರ್ಕೊಂಡುಬಿಡಿ ಸಾರ್’ ಎನ್ನುತ್ತಾರೆ. ಎಲ್ಲಿ ಹೆದರಬೇಕೋ ಅಲ್ಲಿ ಧೈರ್ಯ, ಬೇಡದ ಕಡೆ ನಡುಕ.

ಕಂತು ತಪ್ಪಿತು ಎಂಬ ಒಂದೇ ಕಾರಣಕ್ಕೆ ಪೊಲೀಸರು ಹಿಡಿದೊಯ್ಯುವುದಿಲ್ಲ. ಅದು ಸಿವಿಲ್ ಬಾಬತ್ತು. ಚೆಕ್ ಕೊಟ್ಟು, ಖಾತೆಯಲ್ಲಿ ಹಣವಿಲ್ಲದೆ ಅದು ಬೌನ್ಸ್ ಆದರೆ ಮಾತ್ರ ಲೆಕ್ಕ ಬೇರೆ, ಅದು ಶಿಕ್ಷೆಯಾಗಬಲ್ಲ ಅಪರಾಧ. ‘ಚೆಕ್ಕೇ ಕೊಟ್ಟಿಲ್ಲ, ಖಾತೆಯಿಂದ ತಾನಾಗಿ ಕಡಿತ ಆಗ್ತಿತ್ತು’ ಎಂದು ಸಮಾಧಾನಪಟ್ಟುಕೊಳ್ಳುವುದೂ ಬೇಡ. ಆ ಕಡಿತ ಬೌನ್ಸ್ ಆದರೂ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಮಿನಡಿ ಹೆಚ್ಚುಕಡಿಮೆ ಇದೇ ಗತಿ.

ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಸಾಲ ಕೊಟ್ಟವರು ನೋಟಿಸ್ ಕಳಿಸಬೇಕು. ಅದು ಜೂನ್ 1ರಂದು ನಿಮ್ಮ ಕೈಸೇರಿತು ಎನ್ನಿ. ಚೆಕ್ಕಿನ ಮೊತ್ತ ಕಟ್ಟಲು ಜೂನ್ 16ರವರೆಗೆ ಕಾಲವಿದೆ. ಅಷ್ಟರಲ್ಲಿ ಕಟ್ಟಿದರೆ, ಚೆಕ್ ಬೌನ್ಸಿಗೆ ಅನ್ವಯವಾಗುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಅಪರಾಧವೇ ಹುಟ್ಟುವುದಿಲ್ಲ. ಕಟ್ಟದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಅವರು ದೂರು ದಾಖಲಿಸಬಹುದು. ಶಿಕ್ಷೆ 2 ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ.

ಲಕೋಟೆ ಬೇಡವೆಂದರೆ ಏನಾಗುತ್ತದೆ? ಅದರ ಮೇಲೆ ‘ನಿರಾಕರಿಸಿದರು’ ಎಂಬ ಷರಾ ಬೀಳುತ್ತದೆ. ವಿಳಾಸ ಸರಿಯಿದ್ದರೆ ನ್ಯಾಯಾಲಯ ಅದನ್ನು ತಲುಪಿದಂತೆಯೇ ಎಣಿಸುತ್ತದೆ. ಹದಿನೈದು ದಿನ ಓಡುತ್ತಲೇ ಇರುತ್ತವೆ, ಒಳಗೆ ಏನಿತ್ತೆಂದು ತಿಳಿಯದಿರುವುದು ನಿಮಗೊಬ್ಬರಿಗೇ. ನಿಜಕ್ಕೂ ನೋಟಿಸ್ ಸಿಗದವರು ಕೋರ್ಟಿನ ಸಮನ್ಸ್ ಬಂದ 15 ದಿನದೊಳಗೆ ಕಟ್ಟಿ ದೂರು ವಜಾ ಮಾಡುವಂತೆ ಕೇಳಬಹುದು ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿಯವರೆಗೆ ಬೆಳೆಸುವುದೇಕೆ? ಸಹಿ ಹಾಕಿ ತೆಗೆದುಕೊಳ್ಳಿ, ಲಕೋಟೆಯ ಮೇಲೇ ತಾರೀಖು ಬರೆದಿಡಿ. ನೋಟಿಸ್ ಪಡೆದರೆ ಸಾಲ ಒಪ್ಪಿಕೊಂಡಂತಲ್ಲ.

ಉತ್ತರವನ್ನು ಮಾತ್ರ ನೀವೇ ಗೀಚಬೇಡಿ. ‘ಸಹಿ ನಂದೇ, ಉಳಿದದ್ದೆಲ್ಲ ಅವರು ತುಂಬಿಕೊಂಡರು’ ಎಂಬುದೊಂದೇ ವಾದ ನಿಲ್ಲುವುದು ಕಷ್ಟ. ಸಹಿ ಒಪ್ಪಿದ ಮೇಲೆ ಕಾನೂನಿನ ಊಹೆ ಎದುರಿನವರ ಪರ: ಅಲ್ಲವೆಂದು ನೀವು ತೋರಿಸುವವರೆಗೆ ಚೆಕ್ ಬಾಕಿ ತೀರಿಸಲೆಂದೇ ಕೊಟ್ಟದ್ದು ಎಂದೇ ಲೆಕ್ಕ. ಎಷ್ಟು ಕಟ್ಟಿದ್ದೀರಿ, ಚೆಕ್ ಯಾವಾಗ, ಯಾತಕ್ಕೆ ಕೊಟ್ಟಿರಿ ಎಂಬುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ವಕೀಲರ ಬಳಿ ಹೋಗಿ. ಇನ್ನೊಂದು: ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ. ಅದು ಮುಗಿಯುವ ಮುನ್ನ ‘ಇಷ್ಟು ಬಾಕಿಯಿದೆ’ ಎಂದು ಬರೆದು ಸಹಿ ಹಾಕಿದರೆ ಎಣಿಕೆ ಹೊಸದಾಗಿ ಶುರು. ಏಜೆಂಟ್ ‘ಸುಮ್ಮನೆ ಒಂದು ಸಹಿ’ ಎನ್ನುವುದು ಸುಮ್ಮನಲ್ಲ.

ಹಾಗಂತ ಮೊಬೈಲಿಗೆ ಬಂದದ್ದೆಲ್ಲ ಸುಳ್ಳೂ ಅಲ್ಲ. ಈಗ ಚೆಕ್ ಕೇಸಿನ ಸಮನ್ಸ್ ವಾಟ್ಸಾಪಿನಲ್ಲೂ ಬರಬಹುದು. ಅದರಲ್ಲಿ ಪ್ರತಿ ಕೇಸಿಗೂ ಪ್ರತ್ಯೇಕವಾಗಿ ಕೊಡುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇದೆಯೇ ನೋಡಿ, ಇ-ಕೋರ್ಟ್ಸ್ ತಾಣದಲ್ಲಿ ಹಾಕಿ. ಕೇಸು ನಿಜವಾದರೆ ಯಾವ ಕೋರ್ಟು, ಮುಂದಿನ ತಾರೀಖು ಯಾವುದು ಎಲ್ಲ ಸಿಗುತ್ತದೆ. ನಿಜವಾದ ಸಮನ್ಸಿಗೆ ಹಾಜರಾಗದಿದ್ದರೆ ಜಾಮೀನು ವಾರಂಟ್, ಆಮೇಲೆ ಜಾಮೀನುರಹಿತ ವಾರಂಟ್. ಹೆದರುತ್ತಿದ್ದ ಬಂಧನವನ್ನು ಜನ ತಾವೇ ಬರಮಾಡಿಕೊಳ್ಳುವುದು ಹೀಗೆ.

ಬೈಗುಳ, ನೆಂಟರಿಷ್ಟರಿಗೆ ಫೋನು ಇವನ್ನು ಸಹಿಸಬೇಕಿಲ್ಲ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದೆಂದು ಆರ್‌ಬಿಐ ನಿಯಮವಿದೆ. ಮೊದಲು ಸಾಲ ಕೊಟ್ಟ ಸಂಸ್ಥೆಗೇ ಬರೆದು ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಆಲಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಬರೆಯಿರಿ.

ರಾಜಿಯಾಗುವುದಾದರೆ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಒಪ್ಪಂದ ಬಂದ ಮೇಲೆಯೇ ಹಣ, ಅದೂ ಸಾಲದ ಖಾತೆಗೇ. ಏಜೆಂಟನ ಫೋನ್‌ಪೇಗೆ ಅಲ್ಲ. ಕೋರ್ಟಿನಲ್ಲಿ ಕೇಸಿದ್ದರೆ ಹಣ ಕಟ್ಟಿದ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ದೂರುದಾರರು ರಾಜಿ ಮೆಮೊ ಹಾಕಿ ನ್ಯಾಯಾಧೀಶರು ಆದೇಶ ಮಾಡುವವರೆಗೆ ಪ್ರತಿ ತಾರೀಖಿಗೂ ಹಾಜರಿ ಹಾಕಿಸಿ, ಆದೇಶದ ಪ್ರಮಾಣಿತ ನಕಲು ತೆಗೆದಿಟ್ಟುಕೊಳ್ಳಿ.