ಮೀನೆಣ್ಣೆ ಮಾತ್ರೆ ಹಾರ್ಟ್‌ಗೆ ಒಳ್ಳೇದು ಅಂತ ಮೊದಲು ಹೇಳಿದ್ದು ಯಾರು?

ಶಿವಮೊಗ್ಗದ ದುರ್ಗಿಗುಡಿಯ ಮೆಡಿಕಲ್ ಶಾಪ್‌ಗಳಲ್ಲಿ ಮೀನೆಣ್ಣೆ ಮಾತ್ರೆ ಕೊಳ್ಳಲು ಡಾಕ್ಟರ ಚೀಟಿ ಬೇಕಿಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರದ ಎಷ್ಟೋ ಮನೆಗಳಿಗೆ ಅಂಗಡಿಯಿಂದಲೂ ಅಲ್ಲ, ಅಮೆರಿಕದಲ್ಲಿರುವ ಮಕ್ಕಳ ಸೂಟ್‌ಕೇಸಿನಲ್ಲೇ ಬರುತ್ತದೆ. ದೊಡ್ಡ ಡಬ್ಬಿ, ಜೇನುತುಪ್ಪದ ಬಣ್ಣದ ದಪ್ಪ ಮಾತ್ರೆ. ದಿನಾ ಒಂದು ತಗೊಳ್ಳಿ ಅಪ್ಪಾ, ಹಾರ್ಟ್‌ಗೆ ಒಳ್ಳೇದು ಅಂತ ಹೇಳಿ ಕೊಟ್ಟು ಹೋಗುತ್ತಾರೆ. ಈಚೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ. ಮನಸ್ಸಿಗೂ ಒಳ್ಳೆಯದಂತೆ, ಮಂಕು ಕಳೆಯುತ್ತದಂತೆ.

ಈ ಎರಡು ಮಾತು ಎಲ್ಲಿಂದ ಬಂದವು, ಈಗ ಅದರಲ್ಲಿ ಎಷ್ಟು ಉಳಿದಿದೆ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೀನೆಣ್ಣೆ ಬರೀ ಮೋಸ ಅಲ್ಲ. ಆದರೆ ದೊಡ್ಡ ಡೋಸಿನಲ್ಲಿ, ಆರಿಸಿದ ರೋಗಿಗಳಲ್ಲಿ ಸಿಕ್ಕ ಫಲಿತಾಂಶವನ್ನು ತೋರಿಸಿ ಸಣ್ಣ ಡೋಸಿನ ಮಾತ್ರೆಯನ್ನು ಎಲ್ಲರಿಗೂ ಮಾರುತ್ತಿದ್ದಾರೆ. ಗೊಂದಲ ಹುಟ್ಟಿದ್ದೇ ಅಲ್ಲಿ.

ಹಿರಿಯರಿಗೆ ನೆನಪಿರುವ ಮೀನೆಣ್ಣೆ ಬೇರೆಯದು. ಅದು ಕಾಡ್ ಲಿವರ್ ಆಯಿಲ್, ಅಂದರೆ ಕಾಡ್ ಎಂಬ ತಣ್ಣೀರಿನ ಸಮುದ್ರದ ಮೀನಿನ ಲಿವರಿನಿಂದ ತೆಗೆದ ಎಣ್ಣೆ. ಅದರಲ್ಲಿ ಎ ಮತ್ತು ಡಿ ವಿಟಮಿನ್ ಜಾಸ್ತಿ. ಯುರೋಪಿನಲ್ಲಿ ಮೂಳೆ ಬಾಗುವ ರಿಕೆಟ್ಸ್ ಕಾಯಿಲೆಗೆ 19ನೇ ಶತಮಾನದಿಂದಲೇ ಕೊಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಸರ್ಕಾರ ಚಿಕ್ಕ ಮಕ್ಕಳಿಗೆ ಅದನ್ನು ಹಂಚಿತ್ತು. ನಮ್ಮಲ್ಲೂ ಬಡಕಲು ಮಕ್ಕಳಿಗೆ ಕುಡಿಸುತ್ತಿದ್ದರು. ಆಗ ಹೃದಯದ ಮಾತೇ ಇರಲಿಲ್ಲ. ಈಗಿನ ಮಾತ್ರೆಯ ಎಣ್ಣೆ ಬರುವುದು ಮೀನಿನ ಮೈಯಿಂದ, ಹೆಚ್ಚಾಗಿ ಪೆರು ದೇಶದ ಕಡಲಿನ ಆಂಚೊವಿ ಎಂಬ ಸಣ್ಣ ಮೀನಿನಿಂದ. ಒಂದರ ಬದಲು ಇನ್ನೊಂದು ಅಂತ ಲಿವರ್ ಎಣ್ಣೆಯನ್ನೇ ಜಾಸ್ತಿ ನುಂಗಿದರೆ ವಿಟಮಿನ್ ಎ ಮೈಯಲ್ಲಿ ಶೇಖರವಾಗಿ ತೊಂದರೆ ಕೊಡುತ್ತದೆ. ಬಸುರಿಯರಂತೂ ಅದನ್ನು ಮುಟ್ಟಬಾರದು.

ಹೃದಯದ ಕತೆ ಶುರುವಾಗುವುದು ಗ್ರೀನ್‌ಲ್ಯಾಂಡಿನಲ್ಲಿ. 1970ರಲ್ಲಿ ಹಾನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡ್ಯೂಅರ್‌ಬರ್ಗ್ ಎಂಬ ಡೆನ್ಮಾರ್ಕಿನ ಇಬ್ಬರು ವೈದ್ಯರು ಅಲ್ಲಿನ ಪಶ್ಚಿಮ ಕರಾವಳಿಯ ಊಮನ್ನಾಕ್ ಪ್ರದೇಶಕ್ಕೆ ಹೋದರು. ಅಲ್ಲಿನ ಇನ್ಯೂಟ್ ಜನ ಸೀಲ್, ತಿಮಿಂಗಿಲ, ಮೀನು ತಿಂದೇ ಬದುಕುವವರು. ಅಷ್ಟು ಕೊಬ್ಬು ತಿಂದರೂ ಅವರಿಗೆ ಹಾರ್ಟ್ ಅಟ್ಯಾಕ್ ಕಡಿಮೆ ಅಂತ ಸರ್ಕಾರಿ ವರದಿಗಳಲ್ಲಿತ್ತು. ಇಬ್ಬರೂ 130 ಜನರ ರಕ್ತ ಪರೀಕ್ಷೆ ಮಾಡಿದರು. ಡೆನ್ಮಾರ್ಕಿನಲ್ಲಿದ್ದವರಿಗೆ ಹೋಲಿಸಿದರೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ತುಂಬಾ ಕಡಿಮೆ ಇತ್ತು. ರಕ್ತದಲ್ಲಿ ಇಪಿಎ ಎಂಬ ಒಮೆಗಾ-3 ಕೊಬ್ಬು ಜಾಸ್ತಿ ಇತ್ತು. ಮುಂದೆ ಇನ್ನೊಂದು ವಿಷಯವೂ ಸಿಕ್ಕಿತು: ಗಾಯವಾದರೆ ಇನ್ಯೂಟರ ರಕ್ತ ನಿಲ್ಲಲು ಸುಮಾರು 8 ನಿಮಿಷ ಬೇಕು, ಡೆನ್ಮಾರ್ಕಿನವರಿಗೆ ಸುಮಾರು 5 ನಿಮಿಷ ಸಾಕು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಬೇಗ ಅಂಟಿಕೊಳ್ಳದಂತೆ ಇಪಿಎ ತಡೆಯುತ್ತದೆ ಎಂದು ಅವರು ವಿವರಿಸಿದರು. ಹಾರ್ಟ್ ಅಟ್ಯಾಕ್ ಆಗುವುದೇ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ. ಹಾಗಾಗಿ ವಾದ ಗಟ್ಟಿಯಾಗಿಯೇ ಕಾಣಿಸಿತು.

ಆದರೆ ಅಡಿಪಾಯದಲ್ಲಿ ಒಂದು ಬಿರುಕು ಇತ್ತು. ಇನ್ಯೂಟರಿಗೆ ನಿಜವಾಗಿಯೂ ಹೃದಯದ ಕಾಯಿಲೆ ಕಡಿಮೆಯೇ ಎಂದು ಈ ಇಬ್ಬರು ಪರೀಕ್ಷಿಸಿ ನೋಡಿರಲಿಲ್ಲ. ಸರ್ಕಾರದ ಸಾವಿನ ದಾಖಲೆಗಳನ್ನೇ ನಂಬಿದ್ದರು. ಡಾಕ್ಟರೇ ಇಲ್ಲದ, ಹಿಮದಲ್ಲಿ ಚದುರಿ ಹೋದ ಹಳ್ಳಿಗಳಲ್ಲಿ ಯಾರು ಯಾವುದರಿಂದ ಸತ್ತರು ಅಂತ ಬರೆದಿಡುವವರು ಯಾರು? 2014ರಲ್ಲಿ ಕೆನಡಾದ ಸಂಶೋಧಕರು ಹಳೆಯ ದಾಖಲೆಗಳನ್ನೆಲ್ಲ ಮತ್ತೆ ನೋಡಿ, ಇನ್ಯೂಟರಲ್ಲೂ ಹೃದಯದ ಕಾಯಿಲೆ ಬೇರೆಯವರಷ್ಟೇ ಇತ್ತು ಎಂದು ಬರೆದರು. ಅಷ್ಟರಲ್ಲಿ ನಲವತ್ತು ವರ್ಷ ಕಳೆದಿತ್ತು, ಮೀನೆಣ್ಣೆ ದೊಡ್ಡ ವ್ಯಾಪಾರವಾಗಿ ಬೆಳೆದಿತ್ತು.

ಹಾಗಂತ ಆ ನಲವತ್ತು ವರ್ಷ ಸುಮ್ನೆ ಕಳೆದದ್ದಲ್ಲ. 1985ರಲ್ಲಿ ನೆದರ್‌ಲ್ಯಾಂಡ್ಸಿನ ಜುಟ್‌ಫೆನ್ ಊರಿನ ಅಧ್ಯಯನ ಬಂತು. 852 ಗಂಡಸರನ್ನು 20 ವರ್ಷ ಗಮನಿಸಿದ್ದರು. ದಿನಕ್ಕೆ ಸರಾಸರಿ 30 ಗ್ರಾಂ ಮೀನು ತಿನ್ನುವವರಲ್ಲಿ ಹೃದಯದ ಕಾಯಿಲೆಯ ಸಾವು, ಮೀನೇ ತಿನ್ನದವರ ಅರ್ಧದಷ್ಟಿತ್ತು. 1989ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿದ್ದ 2,033 ಗಂಡಸರ ಮೇಲೆ ಪ್ರಯೋಗ ನಡೆಯಿತು. ವಾರಕ್ಕೆ ಎರಡು ಸಲ ಕೊಬ್ಬಿನ ಮೀನು ತಿನ್ನಿ ಎಂದು ಸಲಹೆ ಪಡೆದವರಲ್ಲಿ ಎರಡು ವರ್ಷದ ಸಾವು 29% ಕಡಿಮೆಯಾಯಿತು. ಈ ಎರಡರಲ್ಲೂ ಜನ ತಿಂದದ್ದು ಮುಖ್ಯವಾಗಿ ಮೀನು, ಮಾತ್ರೆ ಅಲ್ಲ. ಮಾತ್ರೆಗೆ ದೊಡ್ಡ ಹೆಸರು ಬಂದದ್ದು 1999ರಲ್ಲಿ, ಇಟಲಿಯ ಜಿಸ್ಸಿ ಪ್ರಯೋಗದಿಂದ. ಹಾರ್ಟ್ ಅಟ್ಯಾಕ್ ಆಗಿ ಉಳಿದ 11,324 ಜನರ ಪ್ರಯೋಗ ಅದು. ದಿನಕ್ಕೆ ಸುಮಾರು 1 ಗ್ರಾಂ ಒಮೆಗಾ-3 ತೆಗೆದುಕೊಂಡವರಲ್ಲಿ ಸಾವು, ಅದರಲ್ಲೂ ಹಠಾತ್ ಸಾವು, ಕಡಿಮೆಯಾಗಿತ್ತು. 2002ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೃದ್ರೋಗಿಗಳಿಗೆ ದಿನಕ್ಕೆ 1 ಗ್ರಾಂ ಇಪಿಎ ಮತ್ತು ಡಿಎಚ್‌ಎ (ಮೀನಿನಲ್ಲಿರುವ ಇನ್ನೊಂದು ಒಮೆಗಾ-3) ಸೂಚಿಸಿತು. ಹೃದ್ರೋಗಿಗಳಿಗೆ ಅಂತ ಹೇಳಿದ್ದು ಡಬ್ಬಿಯ ಮೇಲೆ ಬರುವ ಹೊತ್ತಿಗೆ ಎಲ್ಲರಿಗೂ ಆಗಿಹೋಯಿತು.

ಆಮೇಲೆ ಗಾಳಿ ತಿರುಗಿತು. ವೇಲ್ಸ್‌ನ ಅದೇ ತಂಡ 2003ರಲ್ಲಿ ಎದೆನೋವಿದ್ದ 3,114 ಗಂಡಸರ ಮೇಲಿನ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿತು. ಲಾಭವೇ ಕಾಣಲಿಲ್ಲ. ಬದಲಿಗೆ ಮಾತ್ರೆ ನುಂಗಿದವರಲ್ಲಿ ಹೃದಯದ ಸಾವು ಜಾಸ್ತಿ ಇತ್ತು. 2012ರಲ್ಲಿ ಸಕ್ಕರೆ ಕಾಯಿಲೆಯ ಅಪಾಯವಿದ್ದ ಅಥವಾ ಕಾಯಿಲೆ ಆಗಲೇ ಇದ್ದ 12,536 ಜನರ ಒರಿಜಿನ್ ಪ್ರಯೋಗದಲ್ಲಿ ಏನೂ ವ್ಯತ್ಯಾಸ ಸಿಗಲಿಲ್ಲ. 2018ರಲ್ಲಿ ಬ್ರಿಟನ್ನಿನ ಅಸೆಂಡ್, 15,480 ಡಯಾಬಿಟಿಸ್ ರೋಗಿಗಳು, ಅಲ್ಲೂ ಇಲ್ಲ. ಅದೇ ವರ್ಷ ಅಮೆರಿಕದ ವೈಟಲ್, 25,871 ಆರೋಗ್ಯವಂತರು, ಐದು ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ 1 ಗ್ರಾಂ. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಮೂರನ್ನೂ ಸೇರಿಸಿ ನೋಡಿದರೆ ಹೇಳುವಂಥ ಲಾಭ ಇಲ್ಲ. ಮೀನು ಕಡಿಮೆ ತಿನ್ನುವವರಲ್ಲಿ ಸ್ವಲ್ಪ ಉಪಯೋಗದ ಸುಳಿವು ಮಾತ್ರ ಸಿಕ್ಕಿತು.

ಇಟಲಿಯಲ್ಲಿ ಕಂಡ ಲಾಭ ಆಮೇಲೆ ಯಾಕೆ ಕಾಣಲಿಲ್ಲ? ಒಂದು ದೊಡ್ಡ ಕಾರಣ ಕಾಲವೇ. ಜಿಸ್ಸಿ ಶುರುವಾದಾಗ ಅಲ್ಲಿನ ರೋಗಿಗಳಲ್ಲಿ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರು ತೀರಾ ಕಡಿಮೆ. ಈಗ ಸ್ಟ್ಯಾಟಿನ್, ಬಿಪಿ ಮಾತ್ರೆ, ಸ್ಟೆಂಟ್ ಎಲ್ಲ ಬಂದಿವೆ. ಅವು ಮಾಡಿದ ಕೆಲಸದ ಮೇಲೆ ಮೀನೆಣ್ಣೆಗೆ ಮಾಡಲು ಹೆಚ್ಚೇನೂ ಉಳಿದಿಲ್ಲ. ಅಲ್ಲದೆ ಜಿಸ್ಸಿಯಲ್ಲಿ ಖಾಲಿ ಮಾತ್ರೆ ಕೊಟ್ಟ ಗುಂಪು ಇರಲಿಲ್ಲ. ಯಾರು ಏನು ತಗೊಳ್ಳುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ವಿಷಯ ಸುಲಭವಾಗಿತ್ತು. ಆದರೆ 2018ರಲ್ಲೇ ರೆಡ್ಯೂಸ್-ಇಟ್ ಬಂತು. ಸ್ಟ್ಯಾಟಿನ್ ತೆಗೆದುಕೊಂಡರೂ ಟ್ರೈಗ್ಲಿಸರೈಡ್ ಇಳಿಯದ 8,179 ಜನರ ಪ್ರಯೋಗ. ಇವರಲ್ಲಿ ಒಂದು ಗುಂಪಿಗೆ ಕೊಟ್ಟದ್ದು ಶುದ್ಧೀಕರಿಸಿದ ಇಪಿಎ ಔಷಧ, ದಿನಕ್ಕೆ 4 ಗ್ರಾಂ. ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ತೊಂದರೆ ಬಂದವರು ಎದುರು ಗುಂಪಿನಲ್ಲಿ ನೂರಕ್ಕೆ 22, ಔಷಧ ತೆಗೆದುಕೊಂಡ ಗುಂಪಿನಲ್ಲಿ 17. ಇದು ದೊಡ್ಡ ಲಾಭ. ಆದರೆ ಹೋಲಿಕೆಗೆ ಕೊಟ್ಟ ಖನಿಜ ತೈಲವೇ ಎದುರು ಗುಂಪಿನವರ ಕೊಲೆಸ್ಟರಾಲ್ ಏರಿಸಿ, ಔಷಧ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುವಂತೆ ಮಾಡಿತೇ ಎಂಬ ಜಗಳ ಹುಟ್ಟಿತು. 2020ರಲ್ಲಿ ಸ್ಟ್ರೆಂತ್ ಎಂಬ ಪ್ರಯೋಗದಲ್ಲಿ 13,078 ಜನರಲ್ಲಿ ಅರ್ಧದಷ್ಟು ಜನರಿಗೆ ಇಪಿಎ ಮತ್ತು ಡಿಎಚ್‌ಎ ಎರಡೂ ಇರುವ ಔಷಧ 4 ಗ್ರಾಂ ಕೊಟ್ಟು, ಮೆಕ್ಕೆಜೋಳದ ಎಣ್ಣೆ ಪಡೆದ ಉಳಿದವರ ಜೊತೆ ಹೋಲಿಸಿದರು. ಉಪಯೋಗ ಕಾಣದೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಎರಡೂ ಪ್ರಯೋಗಗಳಲ್ಲಿ ಒಂದು ತೊಂದರೆ ಮಾತ್ರ ಒಂದೇ ರೀತಿ ಕಂಡಿತು: ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್. ಸ್ಟ್ರೆಂತ್‌ನಲ್ಲಿ ಅದು ಔಷಧ ತೆಗೆದುಕೊಂಡವರಲ್ಲಿ 2.2%, ಉಳಿದವರಲ್ಲಿ 1.3%. ಈ ತೊಂದರೆಯಿಂದ ಸ್ಟ್ರೋಕ್ ಆಗಬಹುದು. ಹಾರ್ಟ್‌ಗೆ ಒಳ್ಳೆಯದು ಅಂತ ಮಾತ್ರೆ ತಂದುಕೊಟ್ಟವರಲ್ಲಿ ಎಷ್ಟು ಜನ ಈ ವಿಷಯ ಹೇಳುತ್ತಾರೆ?

ಈಗ ಮನೆಯಲ್ಲಿರುವ ಡಬ್ಬಿ ತಿರುಗಿಸಿ ಓದಿ. ಮುಂದೆ ದಪ್ಪ ಅಕ್ಷರದಲ್ಲಿ 1000 ಮಿಲಿಗ್ರಾಂ ಅಂತ ಇರುತ್ತದೆ. ಅದು ಎಣ್ಣೆಯ ತೂಕ. ಹಿಂದೆ ಸಣ್ಣ ಅಕ್ಷರದಲ್ಲಿ, ಸಾಮಾನ್ಯ ಮಾತ್ರೆಯಾದರೆ, ಇಪಿಎ 180, ಡಿಎಚ್‌ಎ 120 ಅಂತ ಇರುತ್ತದೆ. ಒಟ್ಟು 300 ಮಿಲಿಗ್ರಾಂ. ರೆಡ್ಯೂಸ್-ಇಟ್‌ನಲ್ಲಿ ಕೊಟ್ಟಷ್ಟು ಇಪಿಎ ಬೇಕಾದರೆ ಇಂಥ ಮಾತ್ರೆ ದಿನಕ್ಕೆ ಸುಮಾರು 22 ನುಂಗಬೇಕು. ಯಾರೂ ಹಾಗೆ ಮಾಡಬಾರದು, ಲೆಕ್ಕಕ್ಕಾಗಿ ಹೇಳಿದೆ ಅಷ್ಟೇ. ನಮ್ಮಲ್ಲಿ ಇಂಥ ಹೆಚ್ಚಿನ ಡಬ್ಬಿಗಳ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ. ಅಂದರೆ ಕಾನೂನಿನ ಕಣ್ಣಲ್ಲಿ ಅವು ಆಹಾರ ಪೂರಕ, ಔಷಧ ಅಲ್ಲ. ಕಾಯಿಲೆ ವಾಸಿ ಮಾಡುತ್ತದೆ ಅಂತ ಸಾಬೀತು ಮಾಡದೆಯೇ ಮಾರಬಹುದು. ಟ್ರೈಗ್ಲಿಸರೈಡ್ 500 ದಾಟಿದವರಿಗೆ ಡಾಕ್ಟರು ದೊಡ್ಡ ಡೋಸಿನ ಒಮೆಗಾ-3 ಔಷಧವನ್ನೇ ಬರೆದುಕೊಟ್ಟರೆ ಅದಕ್ಕೆ ಅರ್ಥವಿದೆ. 4 ಗ್ರಾಂ ಡೋಸಿನಲ್ಲಿ ಟ್ರೈಗ್ಲಿಸರೈಡ್ ಇಳಿಯುವುದು ಚೆನ್ನಾಗಿ ಸಾಬೀತಾಗಿದೆ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಆಪರೇಷನ್ ಇದ್ದರೆ, ಮೀನೆಣ್ಣೆಯ ವಿಷಯ ಡಾಕ್ಟರಿಗೆ ಹೇಳಲೇಬೇಕು.

ಮನಸ್ಸಿನ ಮಾತಿಗೆ ಬರೋಣ. ಇದು ನನಗೆ ಹೆಚ್ಚು ಆತಂಕ ಕೊಡುವ ಭಾಗ. 1998ರಲ್ಲಿ ಜೋಸೆಫ್ ಹಿಬೆಲ್ನ್ ಎಂಬ ಅಮೆರಿಕದ ಮನೋವೈದ್ಯರು, ಯಾವ ದೇಶದಲ್ಲಿ ಮೀನು ಜಾಸ್ತಿ ತಿನ್ನುತ್ತಾರೋ ಅಲ್ಲಿ ಖಿನ್ನತೆ ಕಡಿಮೆ ಎಂದು ತೋರಿಸಿದರು. ಒಂದು ತುದಿಯಲ್ಲಿ ಜಪಾನ್, ಇನ್ನೊಂದು ತುದಿಯಲ್ಲಿ ನ್ಯೂಜಿಲೆಂಡ್. ಆದರೆ ಜಪಾನಿಗೂ ನ್ಯೂಜಿಲೆಂಡಿಗೂ ಇರುವ ವ್ಯತ್ಯಾಸ ಮೀನು ಒಂದೇನಾ? 1999ರಲ್ಲಿ ಆಂಡ್ರ್ಯೂ ಸ್ಟಾಲ್ ತಂಡ ಬೈಪೋಲಾರ್ ಕಾಯಿಲೆಯ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ಹೊಯ್ದಾಡುವ ಕಾಯಿಲೆ) 30 ರೋಗಿಗಳಲ್ಲಿ ಒಳ್ಳೆಯ ಫಲಿತಾಂಶ ಕಂಡಿತು. ಅಲ್ಲಿ ಕೊಟ್ಟದ್ದು ದಿನಕ್ಕೆ 9 ಗ್ರಾಂಗಿಂತ ಜಾಸ್ತಿ ಒಮೆಗಾ-3, ಅದೂ ರೋಗಿಗಳ ಎಂದಿನ ಔಷಧದ ಜೊತೆಗೆ. ಸುದ್ದಿ ಹರಡಿದಾಗ ಡೋಸೂ ಬಿಟ್ಟುಹೋಯಿತು, ಔಷಧದ ಜೊತೆಗೆ ಎಂಬ ಮಾತೂ ಬಿಟ್ಟುಹೋಯಿತು.

ಮುಂದಿನ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳುವುದು ಇಷ್ಟು: ಖಿನ್ನತೆ ಆಗಲೇ ಇರುವವರಿಗೆ, ಇಪಿಎ ಹೆಚ್ಚಿರುವ ಎಣ್ಣೆ ದಿನಕ್ಕೆ 1ರಿಂದ 2 ಗ್ರಾಂ ಇಪಿಎ ಸಿಗುವಷ್ಟು ಕೊಟ್ಟರೆ, ಔಷಧದ ಜೊತೆ ಸ್ವಲ್ಪ ಸಹಾಯ ಆಗಬಹುದು. ಬರುವುದನ್ನು ತಡೆಯುತ್ತದಾ ಅಂದರೆ, ಇಲ್ಲ. ವೈಟಲ್ ಪ್ರಯೋಗದ 18,353 ಜನರ ಮನಸ್ಥಿತಿಯನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಪ್ರಕಟಿಸಿದರು. ಮೀನೆಣ್ಣೆ ತೆಗೆದುಕೊಂಡವರಲ್ಲಿ ಖಿನ್ನತೆ ಕಡಿಮೆ ಆಗಲಿಲ್ಲ, ಒಂದಿಷ್ಟು ಜಾಸ್ತಿಯೇ ಕಂಡಿತು.

ಮಲೆನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣದ ಊರುಗಳು, ಮಕ್ಕಳೆಲ್ಲ ಬೆಂಗಳೂರು ಸೇರಿ ಇಬ್ಬರೇ ಉಳಿದ ಮನೆಗಳು, ಎಲೆಚುಕ್ಕೆ ರೋಗ ಬಂದು ಕಣ್ಣೆದುರೇ ಒಣಗುವ ಅಡಿಕೆ ತೋಟ, ಅದರ ಮೇಲೆ ಮಾಡಿದ ಸಾಲ. ಇಲ್ಲಿ ನಿದ್ದೆ ಕಳೆದುಕೊಂಡವರು, ಊಟ ಬೇಡ ಅನ್ನುವವರು, ಯಾವುದರಲ್ಲೂ ಆಸೆ ಇಲ್ಲ ಅನ್ನುವವರು ಮೀನೆಣ್ಣೆ ನುಂಗುತ್ತಾ ಮೂರು ತಿಂಗಳು ಕಾದರೆ ಆ ಮೂರು ತಿಂಗಳು ಹೋಯಿತು. ಡಾಕ್ಟರನ್ನು ನೋಡಬೇಕು. ಹೋಗಲು ಸಂಕೋಚವಾದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಹಾಗಾದರೆ ಮೀನು? ಮೀನು ತಿನ್ನುವವರಿಗೆ ನಾನು ಧೈರ್ಯವಾಗಿ ಮೀನೇ ತಿನ್ನಿ ಅನ್ನುತ್ತೇನೆ. ಆಗುಂಬೆ ಘಾಟಿ, ಹುಲಿಕಲ್ ಘಾಟಿ ಹತ್ತಿ ಮೇಲೆ ಬರುವ ಬೂತಾಯಿ, ಬಂಗುಡೆ ಎರಡೂ ಕೊಬ್ಬಿನ ಮೀನು. ಬೂತಾಯಿಯ ಎಣ್ಣೆಯನ್ನು ಕರಾವಳಿಯಲ್ಲಿ ಮರದ ದೋಣಿಗೆ ಬಳಿಯುತ್ತಿದ್ದರು, ಅಷ್ಟು ಎಣ್ಣೆ ಅದರಲ್ಲಿ. ಮಳೆಗಾಲ ಮುಗಿದ ಮೇಲೆ ಅದರ ಮೈಯಲ್ಲಿ ಕೊಬ್ಬು ಇನ್ನೂ ಜಾಸ್ತಿ. ಆಗ ಒಂದು ಹೊತ್ತಿನ ಸಾರಿನ ಬೂತಾಯಿಯಲ್ಲಿ ಮೂರು ನಾಲ್ಕು ಮಾತ್ರೆಯಷ್ಟು ಒಮೆಗಾ-3 ಸಿಗುತ್ತದೆ, ಜೊತೆಗೆ ಪ್ರೋಟೀನ್ ಬೇರೆ. ವಾರಕ್ಕೆ ಎರಡು ಸಲ ಸಾಕು. ಬಾಣಲೆ ತುಂಬಾ ಎಣ್ಣೆಯಲ್ಲಿ ಕರಿಯುವ ಬದಲು ಸಾರು ಮಾಡಿದರೆ ಅಥವಾ ಕಾವಲಿಯ ಮೇಲೆ ಸುಟ್ಟರೆ ಒಳ್ಳೆಯದು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಕಡಲ ಮೀನು ಅಪರೂಪ, ಆಗ ಒಣಮೀನಿನ ಕಾಲ. ಅದರಲ್ಲಿ ಉಪ್ಪು ತುಂಬಾ. ಬಿಪಿ ಇರುವವರು ಕೈ ಹಿಡಿದು ತಿನ್ನಬೇಕು. ಹೊಸ ಮಳೆಗೆ ಗದ್ದೆಗೆ ಹತ್ತುವ ಮೀನು ರುಚಿಗೆ ಸರಿ, ಆದರೆ ಸಿಹಿನೀರಿನ ಮೀನಿನಲ್ಲಿ ಸಾಮಾನ್ಯವಾಗಿ ಈ ಕೊಬ್ಬು ಕಡಿಮೆ.

ಮೀನು ಮುಟ್ಟದ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಔಷಧ ಅಂತ ಅಲ್ವಾ ಅಂದುಕೊಂಡು ಅವರೂ ಈ ಮಾತ್ರೆ ನುಂಗುತ್ತಿದ್ದಾರೆ. ಮಾತ್ರೆಯ ಮೇಲಿನ ಸಿಪ್ಪೆಯೂ ಹೆಚ್ಚಾಗಿ ಪ್ರಾಣಿಯಿಂದ ಬಂದ ಜೆಲಾಟಿನ್. ಇದನ್ನು ಅವರಿಗೆ ಮೊದಲೇ ತಿಳಿಸಬೇಕಾದದ್ದು ಕೊಡುವವರ ಜವಾಬ್ದಾರಿ. ಅಗಸೆ, ಅಕ್ರೋಟುಗಳಲ್ಲಿ ಇನ್ನೊಂದು ಬಗೆಯ ಒಮೆಗಾ-3 ಇದೆ, ಅದರಲ್ಲಿ ಸ್ವಲ್ಪ ಭಾಗ ಮಾತ್ರ ಮೈಯೊಳಗೆ ಇಪಿಎ ಆಗುತ್ತದೆ, ಡಿಎಚ್‌ಎ ಆಗುವುದು ಇನ್ನೂ ಕಡಿಮೆ. ಆದರೂ ಅಗಸೆ ಚಟ್ನಿಪುಡಿ ನಾರಿಗೆ, ಊಟದ ರುಚಿಗೆ ಒಳ್ಳೆಯದೇ. ಡಾಕ್ಟರು ಡಿಎಚ್‌ಎ ಬೇಕೇ ಬೇಕು ಅಂದರೆ ಕಡಲ ಪಾಚಿಯಿಂದ ತೆಗೆದ ಎಣ್ಣೆಯ ಮಾತ್ರೆ ಕೇಳಿ. ಮೀನಿಗೂ ಒಮೆಗಾ-3 ಸಿಗುವುದು ಕಡಲ ಪಾಚಿಯಿಂದಲೇ.