ಹರಾಜಿಗೆ ಬಂದ ಪೊಲೀಸ್ ಕಾರು ಕೊಳ್ಳಬಹುದಾ?

ಓದುಗರ ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನಲ್ಲಿದ್ದೇವೆ. ಇಷ್ಟು ದಿನ ಒಂದೇ ಕಾರಿನಲ್ಲಿ ಹೇಗೋ ನಿಭಾಯಿಸಿದೆವು. ಈಗ ಹೆಂಡತಿಗೂ ಕೆಲಸ ಸಿಕ್ಕಿದೆ, ಇನ್ನೊಂದು ಕಾರು ಬೇಕೇ ಬೇಕು. ಸರ್ಕಾರಿ ಹರಾಜಿನ ವೆಬ್‌ಸೈಟಿನಲ್ಲಿ 2017ರ ಪೊಲೀಸ್ ಫೋರ್ಡ್ ಎಕ್ಸ್‌ಪ್ಲೋರರ್ ನೋಡಿದೆ. 78,000 ಮೈಲಿ ಓಡಿದೆ. ಬೆಲೆ ಮಾಮೂಲಿ ಎಕ್ಸ್‌ಪ್ಲೋರರ್‌ಗಿಂತ ಬಹಳ ಕಡಿಮೆ. ಪೊಲೀಸರು ಸರ್ವಿಸ್ ತಪ್ಪಿಸುವುದಿಲ್ಲ, ಎಂಜಿನ್ನಿನ ಪವರ್ ಕೂಡ ಜಾಸ್ತಿ ಅಂತ ಗೆಳೆಯರು ಹೇಳುತ್ತಾರೆ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ತೆಗೆದುಕೊಳ್ಳಬಹುದಾ?

ನಿಮ್ಮ ಮನೆಯ ಪರಿಸ್ಥಿತಿ ನೋಡಿದರೆ, ಬೇಡ ಅಂತಲೇ ನನ್ನ ಸಲಹೆ. ಪೊಲೀಸ್ ಕಾರುಗಳೆಲ್ಲ ಕೆಟ್ಟವು ಅಂತಲ್ಲ. ಒಂದಿಷ್ಟು ಸ್ವಂತ ರಿಪೇರಿ ಬರುವವರಿಗೆ, ಕಾರು ಒಂದು ವಾರ ಗ್ಯಾರೇಜಿನಲ್ಲಿ ನಿಂತರೂ ಆಫೀಸಿಗೆ ಹೋಗಲು ಬೇರೆ ದಾರಿ ಇರುವವರಿಗೆ, ಒಳ್ಳೆಯ ಪೊಲೀಸ್ ಕಾರು ನಿಜಕ್ಕೂ ಲಾಭದ ವ್ಯಾಪಾರವೇ. ಆದರೆ ಒಳ್ಳೆಯದು ಯಾವುದು ಅಂತ ಗುರುತಿಸುವುದಕ್ಕೆ ನೀವು ಬರೆದಿರುವ 78,000 ಮೈಲಿ ಅನ್ನುವ ಅಂಕಿ ಸಾಲುವುದಿಲ್ಲ. ಹೆಚ್ಚಿನವರು ಎಡವುವುದು ಅಲ್ಲೇ.

ಗಸ್ತಿನ ಕಾರು ಓಡಿ ಸವೆಯುವುದಕ್ಕಿಂತ ನಿಂತು ಸವೆಯುವುದೇ ಜಾಸ್ತಿ. ರಸ್ತೆ ಪಕ್ಕ ನಿಲ್ಲಿಸಿಕೊಂಡು ವರದಿ ಬರೆಯುವಾಗ ಎಂಜಿನ್ ಆನ್. ಅಪಘಾತದ ಜಾಗದಲ್ಲಿ ದೀಪ ಹಾಕಿ ಗಂಟೆಗಟ್ಟಲೆ ನಿಂತಾಗ ಆನ್. ಲ್ಯಾಪ್‌ಟಾಪ್, ರೇಡಿಯೊ, ಕ್ಯಾಮೆರಾ ಎಲ್ಲಕ್ಕೂ ಕರೆಂಟ್ ಬೇಕು. ಟೆಕ್ಸಸ್ ಬೇಸಿಗೆಯಲ್ಲಿ ಎಸಿ ಆರಿಸುವ ಮಾತೇ ಇಲ್ಲ. ಒಳಗೆ ಪೊಲೀಸ್ ನಾಯಿ ಇದ್ದರಂತೂ ಇನ್ನೂ ಇಲ್ಲ. ಅಷ್ಟು ಹೊತ್ತೂ ಓಡೋಮೀಟರ್ ಕದಲುವುದಿಲ್ಲ. ಆದರೆ ಎಂಜಿನ್ ತಿರುಗುತ್ತಲೇ ಇರುತ್ತದೆ. ಆಯಿಲ್ ಪ್ರೆಶರ್ ಕಡಿಮೆ, ರೇಡಿಯೇಟರಿಗೆ ಎದುರುಗಾಳಿಯ ನೆರವಿಲ್ಲ, ಬಾನೆಟ್ ಒಳಗೆ ಕಾವು. ಮೈಲಿ ಲೆಕ್ಕದಲ್ಲಿ ಆಯಿಲ್ ಬದಲಾಯಿಸುತ್ತಾ ಹೋದರೆ ಆಯಿಲ್ ಸತ್ತು ಎಷ್ಟೋ ದಿನವಾದ ಮೇಲೆ ಸರದಿ ಬರುತ್ತದೆ.

ಊರಲ್ಲಿ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಕೊಳ್ಳುವವರು ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳುತ್ತಾರಾ? ಎಷ್ಟು ಗಂಟೆ ಆಗಿದೆ ಅಂತ ಕೇಳುತ್ತಾರೆ. ಪೊಲೀಸ್ ಕಾರಿಗೂ ಅದೇ ಲೆಕ್ಕ. ಫೋರ್ಡ್ ಇಂಟರ್‌ಸೆಪ್ಟರ್‌ಗಳಲ್ಲಿ (ಫೋರ್ಡ್ ತನ್ನ ಪೊಲೀಸ್ ಮಾಡೆಲ್‌ಗಳಿಗೆ ಇಟ್ಟ ಹೆಸರು), ಡಾಡ್ಜ್ ಕಂಪನಿಯ ಚಾರ್ಜರ್ ಕಾರುಗಳಲ್ಲಿ ಮೀಟರ್ ಫಲಕದ ಮೆನುವಿನಲ್ಲಿ ಒಟ್ಟು ಎಂಜಿನ್ ಗಂಟೆ, ಸುಮ್ನೆ ನಿಂತ ಗಂಟೆ ಎರಡನ್ನೂ ನೋಡಬಹುದು. ಕಾರು ನಿಂತಲ್ಲೇ ಎಂಜಿನ್ ಒಂದು ಗಂಟೆ ಓಡಿದರೆ ಅದು ಸುಮಾರು 33 ಮೈಲಿ ಓಡಿದ್ದಕ್ಕೆ ಸಮ ಅಂತ ಫೋರ್ಡ್ ಕಂಪನಿಯೇ ಹೇಳುತ್ತದೆ.

ನೀವು ನೋಡಿದ ಕಾರನ್ನೇ ತೆಗೆದುಕೊಳ್ಳೋಣ. ಮೀಟರಿನಲ್ಲಿ 7,000 ಗಂಟೆ, ಅದರಲ್ಲಿ ನಿಂತದ್ದು 4,500 ಗಂಟೆ ಅಂತ ಇಟ್ಟುಕೊಳ್ಳಿ. ನಗರದ ಗಸ್ತಿನ ಕಾರಿಗೆ ಇದು ದೊಡ್ಡದೇನಲ್ಲ. 4,500ನ್ನು 33ರಿಂದ ಗುಣಿಸಿದರೆ 1,48,500. ಓಡಿದ 78,000 ಸೇರಿಸಿ. ಎಂಜಿನ್ನಿನ ನಿಜವಾದ ವಯಸ್ಸು 2,26,500 ಮೈಲಿ! ಪಕ್ಕದಲ್ಲೇ ಹೈವೇ ಪೊಲೀಸರ ಕಾರೊಂದು ನಿಂತಿದೆ ಅನ್ನಿ. ಓಡೋಮೀಟರಿನಲ್ಲಿ 1,20,000 ಮೈಲಿ, ಒಟ್ಟು 4,000 ಗಂಟೆ, ನಿಂತದ್ದು 1,200 ಗಂಟೆ. ಇದರ ಲೆಕ್ಕ 1,59,600ಕ್ಕೆ ನಿಲ್ಲುತ್ತದೆ. ಹರಾಜಿನಲ್ಲಿ ಜನ ಮುಗಿಬೀಳುವುದು ಮೊದಲನೆಯದಕ್ಕೆ. ನಾನಾದರೆ ಎರಡನೆಯದನ್ನು ನೋಡುತ್ತೇನೆ.

ನಿಂತ ಗಂಟೆ ಬೇರೆಯಾಗಿ ಸಿಗದಿದ್ದರೆ ಸುಲಭ ಉಪಾಯ ಒಂದಿದೆ. ಮೈಲಿಯನ್ನು ಒಟ್ಟು ಗಂಟೆಯಿಂದ ಭಾಗಿಸಿ. ಮೊದಲ ಕಾರಿಗೆ 11 ಬರುತ್ತದೆ, ಎರಡನೆಯದಕ್ಕೆ 30. ಉತ್ತರ ಹತ್ತರ ಆಸುಪಾಸಿನಲ್ಲಿದ್ದರೆ ಅದು ನಿಂತೇ ಬಾಳಿದ ಕಾರು.

ಈ ವ್ಯತ್ಯಾಸ ಹುಟ್ಟುವುದು ಯಾರು ಓಡಿಸಿದರು ಅನ್ನುವುದರಿಂದ. ಕೆಲವು ಊರುಗಳಲ್ಲಿ ಒಬ್ಬ ಅಧಿಕಾರಿಗೆ ಒಂದು ಕಾರು, ಮನೆಗೂ ಅದರಲ್ಲೇ ಹೋಗುತ್ತಾರೆ. ಅಂಥ ಕಾರನ್ನು ಸ್ವಂತದ್ದರ ಹಾಗೆ ನೋಡಿಕೊಂಡಿರುತ್ತಾರೆ. ಇನ್ನು ಕೆಲವು ಕಡೆ ಒಂದು ಪಾಳಿ ಮುಗಿದ ಕೂಡಲೇ ಮುಂದಿನವರು ಅದೇ ಬಿಸಿ ಸೀಟಿಗೆ ಬಂದು ಕೂರುತ್ತಾರೆ. ಮೂರು ಪಾಳಿಯೂ ಎಂಜಿನ್‌ಗೆ ಬಿಡುವಿಲ್ಲ. ಡಿಟೆಕ್ಟಿವ್‌ಗಳು, ಮೇಲಧಿಕಾರಿಗಳು ಓಡಿಸಿದ ಗುರುತುಪಟ್ಟಿಯಿಲ್ಲದ ಕಾರುಗಳು ಸಿಕ್ಕರೆ ಇವೆಲ್ಲಕ್ಕಿಂತ ವಾಸಿ. ಛಾವಣಿಯಲ್ಲಿ ತೂತು ಇರುವುದಿಲ್ಲ, ಹಿಂದಿನ ಸೀಟು ಸೀಟಿನ ಹಾಗೇ ಇರುತ್ತದೆ.

ಪವರ್ ಜಾಸ್ತಿ ಅನ್ನುವುದು ಬಹುಮಟ್ಟಿಗೆ ಸಿನಿಮಾ ಕಟ್ಟಿದ ನಂಬಿಕೆ. ಹೆಸರುವಾಸಿ ಪೊಲೀಸ್ ಕಾರು ಫೋರ್ಡ್ ಕ್ರೌನ್ ವಿಕ್ಟೋರಿಯಾ. ಅದರ 4.6 ಲೀಟರ್ ವಿ8 ಎಂಜಿನ್ ಕೊನೆಯ ವರ್ಷಗಳಲ್ಲಿ ಕೊಡುತ್ತಿದ್ದದ್ದು 250 ಎಚ್‌ಪಿ. ಅದೇ ಕಾಲದ ಟೊಯೊಟಾ ಕ್ಯಾಮ್ರಿ ವಿ6ಗೆ 268 ಇತ್ತು! ಪೊಲೀಸ್ ಮಾಡೆಲ್‌ನ ನಿಜವಾದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಎಂಜಿನ್ ಆಯಿಲ್ ತಂಪು ಮಾಡುವ ಕೂಲರ್, ಗೇರ್‌ಬಾಕ್ಸಿಗೆ ಇನ್ನೊಂದು ಕೂಲರ್, ಗಟ್ಟಿ ಬ್ರೇಕು, ಗಟ್ಟಿ ಸಸ್ಪೆನ್ಷನ್, ಕರೆಂಟ್ ತಯಾರಿಸುವ ದೊಡ್ಡ ಆಲ್ಟರ್ನೇಟರ್, ಪೆಟ್ಟು ತಾಳುವ ಸ್ಟೀಲ್ ಚಕ್ರ. ಇವು ಒಳ್ಳೆಯವೇ. ಆದರೆ ಇವನ್ನೆಲ್ಲ ಹಾಕಿದ್ದು ಹಾಗೆ ದುಡಿಸುವುದಕ್ಕೆ, ದುಡಿಸಿಯೂ ಆಗಿದೆ.

ಸರ್ವಿಸ್ ವಿಷಯದಲ್ಲಿ ನಿಮ್ಮ ಗೆಳೆಯರ ಮಾತು ಬಹುಮಟ್ಟಿಗೆ ಸರಿ. ಇಲಾಖೆಗೆ ತನ್ನದೇ ಗ್ಯಾರೇಜ್ ಇರುತ್ತದೆ, ಕಡತ ಇರುತ್ತದೆ. ಎಷ್ಟೋ ಕಡೆ ಆ ಕಡತ ಸಾರ್ವಜನಿಕ ದಾಖಲೆಯೇ, ಕೇಳಿದರೆ ಕೊಡುತ್ತಾರೆ. ಆದರೆ ಮಾರುವುದು ನಿಶ್ಚಯವಾದ ಮೇಲೆ ಯಾವ ಇಲಾಖೆಯೂ ಕಾರಿಗೆ ಹೊಸ ಟೈರ್ ಹಾಕಿಸುವುದಿಲ್ಲ. ಕೆಲವೊಮ್ಮೆ ಒಂದು ದೊಡ್ಡ ರಿಪೇರಿ ಎದುರಾದದ್ದಕ್ಕೇ ಹರಾಜಿಗೆ ಹಾಕಿರುತ್ತಾರೆ.

ಈಗ ನಿಮ್ಮ ಎಕ್ಸ್‌ಪ್ಲೋರರ್‌ಗೆ ಬರೋಣ. ಆ ತಲೆಮಾರಿನ, ಅಂದರೆ 2013ರಿಂದ 2019ರವರೆಗಿನ ಪೊಲೀಸ್ ಎಕ್ಸ್‌ಪ್ಲೋರರ್‌ಗಳಲ್ಲಿ ಹೆಚ್ಚಿನವಕ್ಕೆ 3.7 ಲೀಟರ್ ವಿ6 ಎಂಜಿನ್. ಅದರ ವಾಟರ್ ಪಂಪ್ ಎಂಜಿನ್ನಿನ ಹೊರಗಿಲ್ಲ, ಒಳಗಿದೆ. ಟೈಮಿಂಗ್ ಚೈನ್ ಅದನ್ನು ತಿರುಗಿಸುತ್ತದೆ. ಪಂಪ್ ಸೋರಿದರೆ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ನೆಲಕ್ಕೆ ಬೀಳುವ ಬದಲು ಆಯಿಲ್‌ಗೇ ಸೇರಬಹುದು. ಸೇರಿದರೆ ಎಂಜಿನ್ ಕಥೆ ಮುಗಿಯಿತು. ಪಂಪ್ ಬೆಲೆ ದೊಡ್ಡದಲ್ಲ, ಅಲ್ಲಿಯವರೆಗೆ ಬಿಚ್ಚುವ ಕೂಲಿ ದೊಡ್ಡದು. ಈಗಾಗಲೇ ಪಂಪ್ ಬದಲಾಗಿದೆ ಅಂತ ಕಡತದಲ್ಲಿದ್ದರೆ ಆ ಕಾರಿನ ಬೆಲೆ ನನ್ನ ಕಣ್ಣಿನಲ್ಲಿ ಒಂದು ಮೆಟ್ಟಿಲು ಮೇಲೆ. ಇಲ್ಲದಿದ್ದರೆ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮುಂದೆ ಏನೂ ನೋಡಬೇಕಾಗಿಲ್ಲ, ವಾಪಸ್ ಬನ್ನಿ.

ಇನ್ನೊಂದು ವಿಷಯ ನಿಮ್ಮದೇ ರಾಜ್ಯದ್ದು. 2017ರ ಜುಲೈನಲ್ಲಿ ಆಸ್ಟಿನ್ ಪೊಲೀಸರು ಸುಮಾರು 400 ಎಕ್ಸ್‌ಪ್ಲೋರರ್‌ಗಳನ್ನು ಒಟ್ಟಿಗೇ ರಸ್ತೆಯಿಂದ ಹಿಂದಕ್ಕೆ ತೆಗೆದರು. ಓಡಿಸುತ್ತಿದ್ದ ಅಧಿಕಾರಿಗಳಿಗೆ ಕಾರಿನೊಳಗೆ ಕಾರ್ಬನ್ ಮಾನಾಕ್ಸೈಡ್ ತಾಗಿತ್ತು. ದೀಪ, ರೇಡಿಯೊ ಕೂರಿಸಲು ಹಿಂಭಾಗದಲ್ಲಿ ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚಿರಲಿಲ್ಲ, ಹೊಗೆ ಅಲ್ಲಿಂದ ಒಳಬರುತ್ತಿತ್ತು ಎಂಬುದು ಫೋರ್ಡ್ ಕೊಟ್ಟ ಒಂದು ಕಾರಣ. ಪೊಲೀಸ್ ಕಾರು ಅಂದರೆ ತೂತು ಕೊರೆದ ಕಾರು. ಮಾರುವಾಗ ಸಾಮಾನು ಬಿಚ್ಚಿಕೊಳ್ಳುತ್ತಾರೆ, ತೂತು ನಿಮಗೆ ಬಿಡುತ್ತಾರೆ. ಛಾವಣಿ, ಡಿಕ್ಕಿಯ ಬಾಗಿಲು, ಡ್ಯಾಶ್‌ಬೋರ್ಡ್ ಮೂರನ್ನೂ ನೋಡಿ. ಮಗು ಕೂರುವ ಕಾರಿಗೆ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಇಡುವುದು ದೊಡ್ಡ ಖರ್ಚೇನಲ್ಲ.

ವೈರಿಂಗ್ ಬಗ್ಗೆ ಹೇಳಿದರೆ ಮುಗಿಯುವುದಿಲ್ಲ. ಸೀಟಿನಡಿ, ಡ್ಯಾಶ್‌ಬೋರ್ಡ್ ಹಿಂದೆ ಕತ್ತರಿಸಿ ಬಿಟ್ಟ ತಂತಿಗಳು. ಅವುಗಳಲ್ಲಿ ರಾತ್ರಿಯಿಡೀ ಕರೆಂಟ್ ಸೋರಿದರೆ, ಬೆಳಿಗ್ಗೆ ಬಂದು ನೋಡುವಷ್ಟರಲ್ಲಿ ಬ್ಯಾಟರಿ ಖಾಲಿ.

ಬೇರೆ ಮಾಡೆಲ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹುಡುಕುವಾಗ ಎದುರಾಗುತ್ತವೆ. ಕ್ರೌನ್ ವಿಕ್ಟೋರಿಯಾ ಗಟ್ಟಿ ಕಾರು, ರಿಪೇರಿ ಸುಲಭ, ಬಿಡಿಭಾಗ ಅಗ್ಗ. ಆದರೆ ಕೊನೆಯದು ಕಾರ್ಖಾನೆಯಿಂದ ಹೊರಬಿದ್ದದ್ದು 2011ರ ಸೆಪ್ಟೆಂಬರ್‌ನಲ್ಲಿ. ಇನ್ನು ಉಳಿದಿರುವುದೆಲ್ಲ ಮುದುಕ. ಡಾಡ್ಜ್ ಚಾರ್ಜರ್‌ನಲ್ಲಿ 5.7 ಲೀಟರ್ ಹೆಮಿ ಎಂಜಿನ್ ಇದ್ದರೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಕಿವಿಗೊಡಿ. ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೂ ನಿಲ್ಲದಿದ್ದರೆ ಬಿಟ್ಟುಬಿಡಿ. 2020ರ ನಂತರದ ಎಕ್ಸ್‌ಪ್ಲೋರರ್‌ನ ಹೈಬ್ರಿಡ್ ಮಾತ್ರ ನನಗೆ ಕುತೂಹಲದ್ದು. ಅದು ನಿಂತಾಗ ಎಂಜಿನ್ ಆರಿ, ಸಾಮಾನುಗಳು ಬ್ಯಾಟರಿಯ ಮೇಲೆ ನಡೆಯುತ್ತವೆ. ಬ್ಯಾಟರಿ ತಗ್ಗಿದಾಗ ಮಾತ್ರ ಎಂಜಿನ್ ಎದ್ದು ತುಂಬಿಸುತ್ತದೆ. ನಿಂತು ಸವೆಯುವ ರೋಗಕ್ಕೆ ಮೂಲದಲ್ಲೇ ಮದ್ದು.

ಮಗಳ ವಿಷಯ. ಗಸ್ತಿನ ಕಾರುಗಳಲ್ಲಿ ಬಹಳಷ್ಟರ ಹಿಂದಿನ ಸೀಟು ಗಟ್ಟಿ ಪ್ಲಾಸ್ಟಿಕ್‌ನದ್ದು. ನೀರು ಹೊಡೆದು ತೊಳೆಯಲಿ ಅಂತ. ಅಲ್ಲಿ ಯಾರ್ಯಾರು ಕೂತಿದ್ದರು, ಏನೇನು ಮಾಡಿದ್ದರು ಅಂತ ಯೋಚಿಸಲು ಹೋಗಬೇಡಿ. ಆದರೆ ಮಗುವಿನ ಸೀಟು ಸಿಕ್ಕಿಸುವ ಕೊಂಡಿಗಳು ಅಂಥ ಸೀಟಿನಲ್ಲಿ ಕೈಗೆ ಸಿಗದಿರಬಹುದು. ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಕಿಟಕಿಯೂ ಇಳಿಯದಿರಬಹುದು. ಇವನ್ನೆಲ್ಲ ಸರಿಮಾಡಿಸಬಹುದು. ಗುಜರಿಯಿಂದ ಮಾಮೂಲಿ ಎಕ್ಸ್‌ಪ್ಲೋರರ್‌ನ ಸೀಟು ತಂದು ಕೂರಿಸುವವರಿದ್ದಾರೆ. ಅದಕ್ಕೆ ಹಣ, ಓಡಾಟ ಎರಡೂ ಬೇಕು. ಮುಂದೆಯೂ ನಡುವಿನ ಕನ್ಸೋಲ್ ಇರುವುದಿಲ್ಲ, ಗೇರ್ ಸ್ಟೀರಿಂಗ್ ಪಕ್ಕದಲ್ಲಿರುತ್ತದೆ. ನೀರಿನ ಬಾಟಲಿ ಇಡಲು ಜಾಗ ಹುಡುಕಬೇಕು!

ಕಾನೂನಿನಲ್ಲಿ ಒಂದು ಕಡೆ ಮಾತ್ರ ಎಚ್ಚರ ಬೇಕು. ಕಾರು ಕೊಳ್ಳುವುದು ತಪ್ಪಲ್ಲ, ಪೊಲೀಸ್ ಅನ್ನಿಸಿಕೊಳ್ಳುವುದು ತಪ್ಪು. ಕೆಂಪು-ನೀಲಿ ದೀಪ, ಸೈರನ್, ಚಿಹ್ನೆ ಯಾವುದೂ ಉಳಿಯಬಾರದು. ಕ್ಯಾಲಿಫೋರ್ನಿಯಾದಲ್ಲಂತೂ ಪೊಲೀಸ್ ಕಾರಿನ ಹಾಗೆ ಬಣ್ಣ ಬಳಿದಿದ್ದರೂ ತಪ್ಪೇ. ತಮಾಷೆಗೆ ಒಂದು ದೀಪ ಉಳಿಸಿಕೊಂಡು ಸಿಕ್ಕಿಬಿದ್ದರೆ ಅದು ಬರಿಯ ಟ್ರಾಫಿಕ್ ದಂಡಕ್ಕೆ ಮುಗಿಯದಿರಬಹುದು. ವೀಸಾ ಮೇಲಿರುವವರಿಗೆ ಪೊಲೀಸ್ ಕೇಸ್ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕರ್ನಾಟಕದಿಂದ ಓದುತ್ತಿರುವವರಿಗೂ ಒಂದು ಮಾತು. ಹಳೆಯ ಪೊಲೀಸ್ ಜೀಪನ್ನು ಹರಾಜಿನಲ್ಲಿ ಹಿಡಿದು ತೋಟಕ್ಕೆ ಇಟ್ಟುಕೊಳ್ಳುವ ಕಾಲ ಹೆಚ್ಚುಕಡಿಮೆ ಮುಗಿಯಿತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಆಗುವುದಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಕಾನೂನು ಸುವ್ಯವಸ್ಥೆಗೆ ಬಳಸುವ ಕವಚದ ವಾಹನಗಳಂಥ ವಿಶೇಷ ವಾಹನಗಳಿಗಷ್ಟೇ ವಿನಾಯಿತಿ. ಠಾಣೆಯ ಅಂಗಳದಲ್ಲಿ ದೂಳು ತಿನ್ನುತ್ತಾ ನಿಂತಿರುವ ಬೈಕು-ಕಾರುಗಳು ಪೊಲೀಸರವಲ್ಲ, ಕೇಸಿನಲ್ಲಿ ಜಪ್ತಿಯಾದವು. ಅವುಗಳ ಹರಾಜು ಬೇರೆ, ಕಾಗದಪತ್ರದ ತಲೆನೋವೂ ಬೇರೆ.

ಇಷ್ಟೆಲ್ಲ ಕೇಳಿಯೂ ನಿಮಗೆ ಮನಸ್ಸು ಅಲ್ಲೇ ಇದ್ದರೆ, ಇಲಾಖೆ ನೇರವಾಗಿ ಮಾರುವ ಕಡೆ ಕೊಳ್ಳಿ. ಗವ್‌ಡೀಲ್ಸ್, ಪಬ್ಲಿಕ್ ಸರ್‌ಪ್ಲಸ್‌ನಂಥ ತಾಣಗಳಲ್ಲಿ ಮಾರುವವರು ಊರಿನ ಇಲಾಖೆಯೇ ಆಗಿರುತ್ತದೆ. ಡೀಲರ್ ಕೈ ದಾಟಿ ಬಂದ ಕಾರಿಗೆ ಪಾಲಿಶ್ ಇರುತ್ತದೆ, ಕಡತ ಇರುವುದಿಲ್ಲ. ಹರಾಜಿನ ಪುಟದಲ್ಲಿರುವ ನಂಬರಿಗೆ ಫೋನ್ ಮಾಡಿ, ಗಂಟೆ ಮೀಟರಿನ ಫೋಟೊ ಮತ್ತು ಸರ್ವಿಸ್ ಕಡತ ಕೇಳಿ. ಎಷ್ಟೋ ಕಡೆ ಸ್ಟಾರ್ಟ್ ಮಾಡಿ ತೋರಿಸುತ್ತಾರೆ, ಓಡಿಸಲು ಬಿಡುವುದಿಲ್ಲ. ಇದ್ದದ್ದು ಇದ್ದ ಹಾಗೆ ಮಾರಾಟ, ನಾಳೆ ಕೆಟ್ಟರೆ ಯಾರನ್ನೂ ಕೇಳುವಂತಿಲ್ಲ. ಆದ್ದರಿಂದ ನೋಡಲು ಹೋಗುವಾಗ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟಾದರೂ ಕರೆದುಕೊಂಡು ಹೋಗಿ. ವಿಐಎನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) ಹಾಕಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ಬಾಕಿ ಇರುವ ರೀಕಾಲ್, ಅಂದರೆ ದೋಷ ಸರಿಮಾಡಲು ಕಂಪನಿ ಕಾರನ್ನು ವಾಪಸ್ ಕರೆದದ್ದು, ಇದೆಯಾ ನೋಡಿ, ಅದು ಉಚಿತ. ಅದೇ ನಂಬರನ್ನು ಇನ್ಶೂರೆನ್ಸ್ ಏಜೆಂಟಿಗೂ ಮೊದಲೇ ಕೊಟ್ಟು ಪ್ರೀಮಿಯಂ ಕೇಳಿಬಿಡಿ.

ಬಿಡ್ ಹಾಕುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಡಿ, ಮೇಲಿನಿಂದ ಕೆಳಕ್ಕೆ ಬನ್ನಿ. ಅದೇ ವರ್ಷದ ಮಾಮೂಲಿ ಎಕ್ಸ್‌ಪ್ಲೋರರ್ ಎಷ್ಟಕ್ಕೆ ಸಿಗುತ್ತದೆ ನೋಡಿ. ಅದರಲ್ಲಿ ಹಿಂದಿನ ಸೀಟು, ಟೈರ್, ಬ್ಯಾಟರಿ, ವೈರಿಂಗ್, ವಾಟರ್ ಪಂಪ್ ಖರ್ಚು ಕಳೆಯಿರಿ. ಹರಾಜು ತಾಣದ ಕಮಿಷನ್, ತೆರಿಗೆ, ಕಾರು ಎಳೆದು ತರುವ ಟ್ರಕ್ ಬಾಡಿಗೆ ಕಳೆಯಿರಿ. ಉಳಿದದ್ದರ ಮುಕ್ಕಾಲು ಭಾಗಕ್ಕಿಂತ ಮೇಲೆ ಒಂದು ಡಾಲರ್ ಕೂಡ ಕೂಗಬೇಡಿ.