ಒಂದು ಮಿಲಿಮೀಟರ್ ಮಳೆ ಎಂದರೆ ಎಷ್ಟು ಲೀಟರ್?

ಜೂನ್ ಬಂದರೆ ಮುಂಬಯಿ ಕಡೆ ಮಾಟುಂಗಾದಿಂದ ಡೊಂಬಿವಲಿಯವರೆಗೆ ಎಲ್ಲರ ಬಾಯಲ್ಲೂ ಮಿಲಿಮೀಟರ್‌ ಲೆಕ್ಕವೇ. ಆದರೆ ‘ಸಾಂತಾಕ್ರೂಜ್‌ನಲ್ಲಿ 100 ಮಿ.ಮೀ. ಮಳೆ’ ಎಂದರೆ ಎಷ್ಟು ನೀರು ಎಂದು ಕೇಳಿ ನೋಡಿ, ಗಣಿತದಲ್ಲಿ ಜಾಣರಾದ ಮಕ್ಕಳೂ ತಡವರಿಸುತ್ತಾರೆ. ಕಿಲೋ, ಹೆಕ್ಟೊ, ಡೆಕಾ, ಡೆಸಿ, ಸೆಂಟಿ, ಮಿಲಿ ಎಂದು ಬಾಯಿಪಾಠ ಮಾಡಿಸಿ, ಎಷ್ಟು ಮೆಟ್ಟಿಲು ಇಳಿದರೋ ಅಷ್ಟು ಸ್ಥಾನ ದಶಮಾಂಶ ಬಿಂದು ಸರಿಸಿ ಎಂದಷ್ಟೇ ಹೇಳಿಕೊಡುವುದರ ಫಲ ಇದು. ಉದ್ದಕ್ಕೂ ತೂಕಕ್ಕೂ ಆ ಉಪಾಯ ನಡೆಯುತ್ತದೆ. ವಿಸ್ತೀರ್ಣಕ್ಕೆ ಬಂದ ಕೂಡಲೇ ಕೈಕೊಡುತ್ತದೆ.

1 ಮೀಟರಿಗೆ 100 ಸೆಂ.ಮೀ. ಆದರೆ 1 ಚದರ ಮೀಟರಿನಲ್ಲಿ ಉದ್ದಕ್ಕೆ 100, ಅಗಲಕ್ಕೆ 100, ಹೀಗೆ 10,000 ಚದರ ಸೆಂ.ಮೀ. ಇವೆ. ಎತ್ತರದ 100 ಸೇರಿದರೆ ಘನ ಮೀಟರಿಗೆ 10 ಲಕ್ಷ. ಉದ್ದದಲ್ಲಿ ಬಿಂದು ಎರಡು ಸ್ಥಾನ ಸರಿದರೆ ವಿಸ್ತೀರ್ಣದಲ್ಲಿ ನಾಲ್ಕು, ಗಾತ್ರದಲ್ಲಿ ಆರು ಸರಿಯಬೇಕು.

ಈಗ 1 ಚದರ ಮೀಟರ್ ನೆಲದ ಮೇಲೆ 1 ಮಿ.ಮೀ., ಅಂದರೆ 0.1 ಸೆಂ.ಮೀ. ನೀರು ನಿಂತಿದೆ ಎನ್ನಿ. 100 × 100 × 0.1 = 1,000 ಘನ ಸೆಂ.ಮೀ. ಅದು ಸರಿಯಾಗಿ 1 ಲೀಟರ್! ಇದು ಆಕಸ್ಮಿಕವಲ್ಲ. 1795ರಲ್ಲಿ ಫ್ರಾನ್ಸಿನವರು ಲೀಟರನ್ನು 10 ಸೆಂ.ಮೀ. ಬದಿಯ ಘನವೆಂದೇ ಗೊತ್ತುಮಾಡಿದರು. ಗ್ರಾಮ್ ಎಂದರೆ ಮಂಜುಗಡ್ಡೆ ಕರಗುವ ಉಷ್ಣತೆಯಲ್ಲಿ 1 ಘನ ಸೆಂ.ಮೀ. ನೀರಿನ ತೂಕ ಎಂದರು. ಉದ್ದ, ಗಾತ್ರ, ತೂಕ ಮೂರನ್ನೂ ಹೀಗೆ ಬೆಸೆದದ್ದೇ ಈ ಮೆಟ್ರಿಕ್ ಪದ್ಧತಿಯ ಸೊಗಸು. ಭಾರತದಲ್ಲಿ ಇದಕ್ಕೆ ಕಾನೂನು ಬಂದದ್ದು 1956ರಲ್ಲಿ. ಮರುವರ್ಷ ಏಪ್ರಿಲ್ 1ರಿಂದ ನಾಣ್ಯಕ್ಕೂ ದಶಮಾಂಶ ಲೆಕ್ಕ ಬಂದು, ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂತು.

ಮಳೆಮಾಪಕದ ಬಾಯಿ ದೊಡ್ಡದಾದರೆ ಮಳೆ ಹೆಚ್ಚು ತೋರುತ್ತದೆ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಅದು ತಪ್ಪು. ಹೆಚ್ಚು ನೀರು ಬಿದ್ದರೂ ಅದು ಅಷ್ಟೇ ಹೆಚ್ಚು ಜಾಗದಲ್ಲಿ ಹರಡಿಕೊಳ್ಳುವುದರಿಂದ ಆಳ ಒಂದೇ. ಆದರೆ ಪಾತ್ರೆಯ ಗೋಡೆ ನೆಟ್ಟಗಿರಬೇಕು. ತಳ ಕಿರಿದಾಗಿ ಬಾಯಿ ಅಗಲವಾದ ಬಕೆಟ್ ಇಟ್ಟರೆ ಲೆಕ್ಕ ನಿಜಕ್ಕಿಂತ ಹೆಚ್ಚು ಬರುತ್ತದೆ.

ಸೊಸೈಟಿಯ ತಾರಸಿ 3,000 ಚದರ ಅಡಿ ಇದ್ದರೆ ಮೊದಲು 10.764ರಿಂದ (1 ಚದರ ಮೀಟರಿಗೆ ಅಷ್ಟು ಚದರ ಅಡಿ) ಭಾಗಿಸಿ: ಸುಮಾರು 279 ಚದರ ಮೀಟರ್. ಇಲ್ಲಿ 3.28ರಿಂದ ಭಾಗಿಸುವುದೇ ಎಲ್ಲರೂ ಮಾಡುವ ತಪ್ಪು, ಅದು ಬರೀ ಉದ್ದದ ಲೆಕ್ಕ. 100 ಮಿ.ಮೀ. ಮಳೆಗೆ ಆ ತಾರಸಿಯ ಮೇಲೆ 27,900 ಲೀಟರ್ ಬೀಳುತ್ತದೆ. ತಾರಸಿ ಹೀರಿಕೊಂಡದ್ದು, ಮೊದಲ ಕೊಳೆನೀರು ಹೊರಬಿಟ್ಟದ್ದು ಕಳೆದು ಉಳಿದದ್ದು ಟ್ಯಾಂಕಿಗೆ.

ಒಂದು ಚದರ ಕಿ.ಮೀ. ಎಂದರೆ 10 ಲಕ್ಷ ಚದರ ಮೀಟರ್. ಅಲ್ಲಿ 1 ಮಿ.ಮೀ. ಮಳೆ ಬಿದ್ದರೆ 10 ಲಕ್ಷ ಲೀಟರ್, ಅಂದರೆ ಮುಂಬಯಿ ಪಾಲಿಕೆ ಕೆರೆಗಳ ಲೆಕ್ಕಕ್ಕೆ ಬಳಸುವ ಒಂದು ಮಿಲಿಯನ್ ಲೀಟರ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ದಾಖಲಾಯಿತು. ಅಂಥ ಮಳೆ ಬರೀ ಎಂಟೂವರೆ ಚದರ ಕಿ.ಮೀ. ಮೇಲೆ ಬಿದ್ದರೆ ಸಾಕು, 8,046 ಮಿಲಿಯನ್ ಲೀಟರಿನ ತುಳಸಿ ಕೆರೆಯಷ್ಟು ನೀರಾಗುತ್ತದೆ.

ಪುಣೆಯವರು ಮಾತ್ರ ಖಡಕ್‌ವಾಸ್ಲಾ ಅಣೆಕಟ್ಟಿನ ನೀರನ್ನು ಟಿಎಂಸಿಯಲ್ಲೇ ಹೇಳುತ್ತಾರೆ, ಅದು ನೂರು ಕೋಟಿ ಘನ ಅಡಿ. ಅಡಿಗೆ 30.48 ಸೆಂ.ಮೀ., ಅದರ ಘನ ಸುಮಾರು 28,317 ಘನ ಸೆಂ.ಮೀ., ಅಂದರೆ 28.317 ಲೀಟರ್. ಹಾಗಾಗಿ 1 ಟಿಎಂಸಿಗೆ 28,317 ಮಿಲಿಯನ್ ಲೀಟರ್. ಮುಂಬಯಿಯ ವಿಹಾರ್ ಕೆರೆ ತುಂಬಿದರೆ 27,698 ಮಿಲಿಯನ್ ಲೀಟರ್, ಒಂದು ಟಿಎಂಸಿಗೆ ತುಸು ಕಡಿಮೆ.